ನೆಲವೇ ಡೊಂಕಾಗಿದ್ದರೆ

ಮುಖ ನೋಡುವ ಮೊದಲೇ ಎಮ್ಲಿನ್‌ನನ್ನು ದ್ವೇಷಿಸುವುದೆಂದು ನೆರಿಸ್ ತೀರ್ಮಾನಿಸಿಬಿಟ್ಟಿದ್ದಳು.

ಜಿಲ್ಲಾಡಳಿತದ ಕೌಂಟಿ ಕಚೇರಿಯಿಂದ ಶಾಲೆಗಳಿಗೆ ಬರುವ ಸೈಕಾಲಜಿಸ್ಟ್‌ಗಳನ್ನು ಅವಳು ಚೆನ್ನಾಗಿ ಬಲ್ಲಳು. ಕಲಿಯಲು ಹೆಚ್ಚಿನ ನೆರವು ಬೇಕಾದ ಮಗುವಿದೆ ಎಂದು ಶಾಲೆ ಬರೆದರೆ ವರ್ಷ ಕಳೆದ ಮೇಲೆ ಒಬ್ಬರು ಬರುತ್ತಾರೆ. ತರಗತಿಯ ಮೂಲೆಯಲ್ಲಿ ಕೂತು ಮಗುವನ್ನು ಮೇಲಿನಿಂದ ಕೆಳಗೆ ನೋಡುತ್ತಾರೆ. ಆಮೇಲೆ ಉದ್ದನೆಯ ವರದಿ ಕಳಿಸಿ ಕೈ ತೊಳೆದುಕೊಳ್ಳುತ್ತಾರೆ. ವೇಲ್ಸಿನ ಈ ಕಣಿವೆಯ ಪ್ರಾಥಮಿಕ ಶಾಲೆಯಲ್ಲಿ ಏಳು ವರ್ಷದ ಮಕ್ಕಳಿಗೆ ಪಾಠ ಹೇಳುತ್ತ ನೆರಿಸ್ ಅಂಥ ಮೂರ್ನಾಲ್ಕು ಜನರನ್ನು ಕಂಡಿದ್ದಳು. ಒಬ್ಬರ ಹೆಸರೂ ಅವಳಿಗೆ ನೆನಪಿರಲಿಲ್ಲ.

ಈ ಸಲ ಎಮ್ಲಿನ್ ಬರುತ್ತಿದ್ದದ್ದು ಮಾಬ್ಲಿಯನ್ನು ನೋಡಲು.

ಮಾಬ್ಲಿ ತನಗಿಂತ ದೊಡ್ಡವರ ಪುಸ್ತಕಗಳನ್ನು ಗಟಗಟನೆ ಓದಿ ಮುಗಿಸುವ ಹುಡುಗಿ. ಕಡಲ ಹಕ್ಕಿಗಳ ಬಗ್ಗೆ ಕೇಳಿದರೆ ಸಂಜೆಯವರೆಗೂ ಹೇಳಿಯಾಳು. ಆದರೆ ಮಧ್ಯಾಹ್ನದ ಊಟದ ಹಾಲ್‌ಗೆ ಕಾಲಿಟ್ಟರೆ ಮುಗಿಯಿತು. ಎರಡೂ ಕಿವಿ ಮುಚ್ಚಿಕೊಂಡು ಮೇಜಿನ ಕೆಳಗೆ ತೂರುತ್ತಾಳೆ, ಎಬ್ಬಿಸಲು ಹೋದರೆ ಕಿರುಚುತ್ತಾಳೆ. ಒಮ್ಮೆ ತಟ್ಟೆ ಎಸೆದಿದ್ದಳು. ಅಂದಿನಿಂದ ಹೆಡ್‌ಮಾಸ್ಟರ್ ಪ್ರಾಸರ್ ಸುಲಭದ ದಾರಿ ಹಿಡಿದಿದ್ದರು. ಊಟದ ಗಂಟೆಗೆ ಮೊದಲೇ ಅವಳ ತಾಯಿ ಎಲೆರಿಗೆ ಫೋನ್ ಹೋಗುತ್ತಿತ್ತು, ‘ಬಂದು ಕರ್ಕೊಂಡು ಹೋಗಿ.’ ದಿನವೂ ಮಧ್ಯಾಹ್ನ ಎದ್ದು ಹೋಗುವವಳನ್ನು ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಾರೆ? ಎಲೆರಿಯ ಬೇಕರಿ ಕೆಲಸ ಹೋಯಿತು. ಶಾಲೆಯ ಬಾಗಿಲ ಮೇಲೆ ಮಾತ್ರ ‘ಇಲ್ಲಿ ಪ್ರತಿ ಮಗುವೂ ನಮ್ಮದೇ’ ಎಂಬ ಬಣ್ಣದ ಫಲಕ ಮಿರಮಿರ ಮಿಂಚುತ್ತಿತ್ತು. ಅದನ್ನು ಕಂಡಾಗಲೆಲ್ಲ ನೆರಿಸ್‌ಗೆ ಮೈಯೆಲ್ಲ ಉರಿಯುತ್ತಿತ್ತು.

ಅದಕ್ಕೇ ಸೈಕಾಲಜಿಸ್ಟ್ ಬರುವ ದಿನ ಅವಳು ತನ್ನ ಹುಡುಗಿಯ ಮಾನ ಕಾಪಾಡಲು ಟೊಂಕ ಕಟ್ಟಿ ನಿಂತಳು. ದಿನವಿಡೀ ಏನೇನು ನಡೆಯುತ್ತದೆಂದು ಬೆಳಿಗ್ಗೆಯೇ ಮಾಬ್ಲಿಗೆ ಚಿತ್ರ ಬರೆದು ತೋರಿಸಿದಳು. ಊಟವನ್ನು ಓದುವ ಕೋಣೆಗೆ ತರಿಸಿ, ಬಾಗಿಲು ಮುಚ್ಚಿ, ಜೊತೆಗೆ ಒಬ್ಬ ಗೆಳತಿಯನ್ನು ಕೂರಿಸಿದಳು. ಪಕ್ಕದ ಶೌಚಾಲಯದಲ್ಲಿ ಭೋರ್ಗರೆಯುವ ಕೈ ಒಣಗಿಸುವ ಯಂತ್ರದ ಸ್ವಿಚ್ ಆರಿಸಿದಳು. ಮನೆಗೆ ನೆಂಟರು ಬಂದಾಗ ಒಳ್ಳೆಯ ಚಾದರ ಹಾಸುವುದಿಲ್ಲವೇ, ಹಾಗೆ.

ಮಾಬ್ಲಿ ಅಂದು ಬೆಳಗಿದಳು.

ಮೂಲೆಯಲ್ಲಿ, ಮಕ್ಕಳ ಪುಟ್ಟ ಕುರ್ಚಿಯಲ್ಲಿ, ಮೊಣಕಾಲು ಕಿವಿಗೆ ತಾಗುವಂತೆ ಕೂತಿದ್ದ ಎಮ್ಲಿನ್. ಉದ್ದ ಕಾಲು, ಮೊಣಕೈ ಬಳಿ ತೂತಾದ ಸ್ವೆಟರ್. ನೆರಿಸ್ ಅವನತ್ತ ನೋಡಿದರೆ ಅವನು ಕಿಟಕಿ ನೋಡುತ್ತಿದ್ದ. ಅವನು ಅವಳತ್ತ ನೋಡಿದರೆ ಅವಳು ಆಗಲೇ ಒರೆಸಿದ ಬೋರ್ಡನ್ನು ಮತ್ತೆ ಒರೆಸುತ್ತಿದ್ದಳು. ಮಕ್ಕಳು ಇದನ್ನು ಗಮನಿಸಿ ಕಿಸಿಕಿಸಿ ನಕ್ಕರು.

ಸಂಜೆ ಸ್ಟಾಫ್ ರೂಮಿನಲ್ಲಿ ಅವನೇ ಮಾತಿಗಿಳಿದ.

"ನನ್ನ ಮೇಲೆ ಏನೋ ಸಿಟ್ಟಿದೆ ನಿಮ್ಗೆ."

"ಇನ್ನೂ ಇಲ್ಲ. ವರದಿ ಬರ್ಲಿ, ಆಮೇಲೆ."

"ಅಲ್ಲೀವರೆಗೆ ಒಂದು ಕಪ್ ಟೀ ಸಿಗುತ್ತಾ?"

"ಸಕ್ಕರೆ ಎಷ್ಟು?"

"ಎರಡು ಚಮಚ. ಮಾತು ಕಹಿ ಇರೋ ಕಡೆ ಮೂರು."

ನೆರಿಸ್ ಒಂದು ಚಮಚವನ್ನೂ ಹಾಕದೆ ಲೋಟ ಮುಂದಿಟ್ಟಳು. ಅವನು ಮುಖ ಕಿವುಚದೆ ಪೂರ್ತಿ ಕುಡಿದು, "ತುಂಬ ಚೆನ್ನಾಗಿದೆ" ಎಂದ. ಕಣ್ಣಂಚಿನಲ್ಲಿ ತುಂಟತನವಿತ್ತು. ದ್ವೇಷಿಸುವ ಕೆಲಸ ಅಂದುಕೊಂಡಷ್ಟು ಸುಲಭವಲ್ಲ ಎಂದು ಅವಳಿಗೆ ಆಗಲೇ ಅನ್ನಿಸಿತು.

ಮುಂದಿನ ವಾರ ಪ್ರಾಸರ್ ಅವಳನ್ನು ತಮ್ಮ ಕೋಣೆಗೆ ಕರೆದರು.

"ನೋಡಮ್ಮ, ನಿನ್ನ ಸೈಕಾಲಜಿಸ್ಟ್ ಏನು ಬರೆದಿದ್ದಾನೆ ಅಂತ. ಮಗು ದಿನವಿಡೀ ಶಾಂತವಾಗಿತ್ತಂತೆ. ಗೆಳತಿ ಜೊತೆ ನಕ್ಕೊಂಡು ಊಟ ಮಾಡಿತಂತೆ. ಇದನ್ನ ಓದಿದ ಮೇಲೆ ಕೌಂಟಿ ನಮಗೆ ಸಹಾಯಕ್ಕೆ ಒಬ್ಬರನ್ನ ಕೊಡುತ್ತಾ? ಅವರು ಕೊಡಲ್ಲ, ನಮ್ಮ ಕೈಲಿ ಆಗಲ್ಲ. ನಗರದ ವಿಶೇಷ ಶಾಲೆಗೆ ಕಳಿಸೋಣ. ಗುರುವಾರ ಸಭೆ ಇದೆ, ತಾಯೀನೂ ಬರ್ತಾಳೆ."

ನಗರವೆಂದರೆ ಬೆಟ್ಟ ದಾಟಿ ಒಂದು ಗಂಟೆಯ ಟ್ಯಾಕ್ಸಿ ದಾರಿ, ಹೋಗಲೊಂದು, ಬರಲೊಂದು. ಸದ್ದೆಂದರೆ ನಡುಗುವ ಮಗು, ಗುರುತಿಲ್ಲದ ಡ್ರೈವರನ ಹಿಂದೆ. ಗೆಳತಿ ಇಲ್ಲಿ, ಅವಳು ಅಲ್ಲಿ. ನೆರಿಸ್ ಹಲ್ಲು ಕಡಿದುಕೊಂಡು ಹೊರಗೆ ಬಂದಳು. ಸಿಟ್ಟು ಅವನ ಮೇಲೆ ಎಂದುಕೊಂಡಿದ್ದಳು. ಆದರೆ ಮಗುವಿನ ಕಷ್ಟಕ್ಕೆ ಚಾದರ ಹೊದಿಸಿದವಳು ತಾನೇ ಅಲ್ಲವೇ? ನೆರವು ಬೇಕಾದರೆ ಮಗು ನೋಡುವವರ ಕಣ್ಣೆದುರೇ ಕುಸಿಯಬೇಕು, ನಕ್ಕರೆ ನೆರವಿಲ್ಲ. ಇದೆಂಥ ನ್ಯಾಯ?

ಎಮ್ಲಿನ್ ಬೇರೊಂದು ಮಗುವನ್ನು ನೋಡಲು ಅಂದು ಶಾಲೆಗೆ ಬಂದಿದ್ದ. ಕಾರಿನಲ್ಲಿ ಕೂತು ಚೀಸ್ ಸ್ಯಾಂಡ್‌ವಿಚ್ ತಿನ್ನುತ್ತಿದ್ದವನ ಕಿಟಕಿಯನ್ನು ಅವಳು ಬಡಿದಳು.

"ಶಾಂತವಾಗಿದ್ದಳು ಅಂತ ಬರೆದ್ರಲ್ಲ. ಅವಳು ಕಿರುಚಿದ್ರೆ ನಿಮ್ಗೆ ಸಮಾಧಾನ ಆಗ್ತಿತ್ತಾ?"

"ನಾನು ನೋಡಿದ್ದನ್ನ ಬರೆದೆ."

"ನೀವು ನೋಡಿದ್ದು ನಾನು ಮಾಡಿಟ್ಟಿದ್ದನ್ನ."

ಎಮ್ಲಿನ್ ಸ್ಯಾಂಡ್‌ವಿಚ್ ಕೆಳಗಿಟ್ಟ. "ಏನ್ ಮಾಡಿಟ್ಟಿದ್ರಿ?"

ಅವಳು ಎಲ್ಲ ಹೇಳಿದಳು. ಚಿತ್ರ, ಓದುವ ಕೋಣೆ, ಗೆಳತಿ, ಆರಿಸಿದ ಸ್ವಿಚ್. "ಬೇರೆ ದಿನ ಆಗಿದ್ರೆ ನೀವು ಊಟದ ಹೊತ್ತಿಗೆ ಅವಳನ್ನ ಇಲ್ಲಿ ನೋಡ್ತಾನೇ ಇರ್ಲಿಲ್ಲ. ಅಷ್ಟು ಹೊತ್ತಿಗೆ ಮನೆಗೆ ಕಳಿಸಿಬಿಟ್ಟಿರ್ತಾರೆ."

"ಯಾವತ್ತೋ ಒಂದಿನಾನಾ?"

"ದಿನಾ."

ಅವನ ಮುಖದ ತುಂಟತನ ಅಳಿಸಿಹೋಯಿತು. "ದಿನಾ? ಹಾಜರಿಯಲ್ಲಿ ಪೂರ್ತಿ ದಿನ ಅಂತಿದೆಯಲ್ರೀ. ಇದು ಮಗೂನ ಶಾಲೆಯಿಂದ ಹೊರಗೆ ಹಾಕಿದ ಹಾಗೇ ಅಲ್ವಾ? ಯಾರೂ ಒಂದು ಮಾತು ಹೇಳ್ಲಿಲ್ವಾ ನಂಗೆ?"

"ಯಾರು ಕೇಳಿದ್ರು?"

ಆ ಮಾತು ಅವನಿಗೆ ನಾಟಿತು.

"ನಾನು ಕೇಳಬೇಕಿತ್ತು," ಎಂದ. "ತಪ್ಪು ನಂದೇ. ನಾಳೆ ಮಧ್ಯಾಹ್ನ ನನ್ನನ್ನ ಆ ಹಾಲ್‌ಗೆ ಕರ್ಕೊಂಡು ಹೋಗ್ತೀರಾ?"

"ಮಾಬ್ಲಿ ಇರಲ್ಲ ಅಲ್ಲಿ."

"ಅವಳು ಬೇಡ. ಅವಳು ಅಳೋದನ್ನ ಕಾದು ಕೂತು ನೋಡೋ ಕೆಲಸ ನಂದಲ್ಲ. ನಾನು ಹಾಲ್ ನೋಡ್ಬೇಕು."

ಮರುದಿನ ಇಬ್ಬರೂ ಹಾಲ್‌ನ ತಗ್ಗು ಬೆಂಚಿನ ಮೇಲೆ, ಮಾಬ್ಲಿ ಕೂರುತ್ತಿದ್ದ ಜಾಗದಲ್ಲೇ ಒತ್ತೊತ್ತಾಗಿ ಕೂತರು. ಬೆಂಚು ಮಕ್ಕಳದು, ಬೇರೆ ದಾರಿಯಿರಲಿಲ್ಲ. ಅವನ ತೋಳು ಅವಳ ತೋಳಿಗೆ ತಾಗಿತು. ಇಬ್ಬರೂ ಸರಿಯಲಿಲ್ಲ.

"ಕಣ್ಣು ಮುಚ್ಚಿ," ಎಂದ ಎಮ್ಲಿನ್.

"ಮಕ್ಕಳು ನಗ್ತಾರೆ."

"ಆವತ್ತೇ ನಕ್ಕಿದ್ದಾರೆ, ಬಿಡಿ."

ಅವಳು ಕಣ್ಣು ಮುಚ್ಚಿದಳು. ಮೊದಲು ಕೇಳಿಸಿದ್ದು ಅವನ ಉಸಿರು. ಆಮೇಲೆ ಹಾಲ್ ಅವಳ ಮೈಮೇಲೆ ಬಿತ್ತು. ತಟ್ಟೆಗಳ ಟಣಟಣ, ಬೆಂಚು ಎಳೆಯುವ ಕಿರ್ರೆನ್ನುವ ಸದ್ದು, ನೂರಾರು ಕಂಠಗಳು ಎತ್ತರದ ಚಾವಣಿಗೆ ಬಡಿದು ವಾಪಸ್ ಬರುತ್ತಿದ್ದವು. ಬೇಯಿಸಿದ ಎಲೆಕೋಸಿನ ವಾಸನೆ. ಶೌಚಾಲಯದ ಬಾಗಿಲು ತೆರೆದಾಗಲೆಲ್ಲ ಬೆನ್ನ ಹಿಂದೆಯೇ ಆ ಯಂತ್ರದ ಭೋರ್ಗರೆತ. ಯಾವಾಗ ತೆರೆಯುತ್ತದೆ ಎಂಬುದೇ ಗೊತ್ತಾಗುತ್ತಿರಲಿಲ್ಲ. ನೆರಿಸ್ ಬೆಚ್ಚಿದಳು. ಮತ್ತೆ ಬೆಚ್ಚಿದಳು. ವರ್ಷಗಟ್ಟಲೆ ಇದೇ ಹಾಲ್‌ನಲ್ಲಿ ಊಟ ಮಾಡಿದ್ದಳು, ಒಂದು ದಿನವೂ ಇದು ಕೇಳಿಸಿರಲಿಲ್ಲ. ಮೂರನೆಯ ಸಲ ಬೆಚ್ಚಿದಾಗ ಅವನ ಕೈ ಅವಳ ಕೈಮೇಲೆ ಬಂದು ಕೂತಿತು.

"ಪಾಪ, ಅವಳು ಇಷ್ಟು ದಿನ ಹೇಗೆ ತಡ್ಕೊಂಡ್ಲು," ಎಂದಳು ಕಣ್ಣು ಬಿಡದೆ.

"ತಡ್ಕೊಳ್ಳಲಿಲ್ಲ. ಅದಕ್ಕೇ ಅವಳನ್ನ ಕೆಟ್ಟವಳು ಅಂದ್ರು." ಅವನೂ ಕಣ್ಣು ಮುಚ್ಚಿಕೊಂಡೇ ಹೇಳಿದ. "ನಮ್ಮ ಕೆಲಸ ಮಗುವಿನ ತಲೆ ಅಳೆಯೋದು ಅಂದ್ಕೊಂಡಿದ್ದಾರೆ ಎಲ್ಲ. ಮಗು ಇರೋ ಜಾಗಾನ ಅಳೆಯೋದು ನಮ್ಮ ಕೆಲಸ. ಅಳೆದು, ಅಲ್ಲಿ ಏನು ಬದಲಾಯಿಸಿದ್ರೆ ಮಗು ಕಲಿಯುತ್ತೆ ಅಂತ ಮೇಷ್ಟ್ರುಗಳ ಜೊತೆ ಕೂತು ಯೋಚಿಸೋದು. ನೀವು ಆ ಒಂದು ದಿನ ಯಾರೂ ಹೇಳಿಕೊಡದೇನೇ ಅದನ್ನ ಮಾಡಿದ್ರಿ."

"ಮಾಡಿ ಹಾಳು ಮಾಡಿದೆ."

"ಇಲ್ಲ," ಎಂದ. "ಗುರುವಾರ ನೋಡಿ."

ಕೈ ಮಾತ್ರ ಊಟದ ಗಂಟೆ ಮುಗಿಯುವವರೆಗೂ ಅಲ್ಲೇ ಇತ್ತು.

ಗುರುವಾರದ ಸಭೆಯಲ್ಲಿ ಪ್ರಾಸರ್ ಬಿಸ್ಕತ್ ತಟ್ಟೆ ಇಟ್ಟು ನಯವಾಗಿ ಶುರು ಮಾಡಿದರು. ಎಲೆರಿ ಕೋಟನ್ನೂ ತೆಗೆಯದೆ ಕುರ್ಚಿಯ ತುದಿಯಲ್ಲಿ ಕೂತಿದ್ದಳು. ಯಾವ ಹೊತ್ತಿನಲ್ಲೂ ‘ಕರ್ಕೊಂಡು ಹೋಗಿ’ ಎಂದಾರು ಎಂಬ ಅಭ್ಯಾಸ.

"ಆ ದಿನ ಮಾಬ್ಲಿ ಚೆನ್ನಾಗಿದ್ದದ್ದಕ್ಕೆ ಕಾರಣ ಇದೆ," ಎಂದಳು ನೆರಿಸ್. ಮಾಡಿದ್ದನ್ನೆಲ್ಲ ತಾನೇ ಒಪ್ಪಿಕೊಂಡಳು.

ಪ್ರಾಸರ್ ಹುಬ್ಬು ಗಂಟಿಕ್ಕಿದರು. "ಅಂದ್ರೆ ನಾಟಕ ಆಡಿದ್ರಿ."

"ನಾಟಕ ಅಲ್ಲ ಸಾರ್ ಅದು, ಪ್ರಯೋಗ," ಎಂದ ಎಮ್ಲಿನ್. "ಗೆದ್ದಿದೆ. ಈ ಹುಡುಗಿ ಇದೇ ಶಾಲೆಯಲ್ಲಿ ಪೂರ್ತಿ ದಿನ ಇರಬಲ್ಲಳು ಅನ್ನೋದಕ್ಕೆ ನಾನೇ ಸಾಕ್ಷಿ. ಆವತ್ತು ಮಾಡಿದ್ದನ್ನ ದಿನಾ ಮಾಡಿ, ಅಷ್ಟೇ. ಒಂದು ಖಾಲಿ ಕೋಣೆ ಇದೆ, ಒಂದು ಸ್ವಿಚ್ ಇದೆ. ಅವಳು ಬೇರೆ ಕಡೆ ಹೋಗೋದು ಬೇಕಾಗಿಲ್ಲ."

"ಒಬ್ಬಳಿಗೆ ಮಾಡಿದ್ರೆ ಎಲ್ಲರಿಗೂ ಮಾಡ್ಬೇಕಾಗುತ್ತೆ."

"ಮಾಡಿ."

ಪ್ರಾಸರ್ ಕೆಂಪಾದರು. "ಎಲ್ಲ ಮಕ್ಕಳೂ ಅದೇ ಹಾಲ್‌ನಲ್ಲಿ ತಿಂತಾರಪ್ಪ. ಇವಳಿಗೊಬ್ಬಳಿಗೆ ಏನು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ."

"ನಾವಿಬ್ರೂ ಹೋಗಿ ನೆಲ ನೋಡ್ಕೊಂಡು ಬಂದ್ವಿ ಸಾರ್," ಎಂದಳು ನೆರಿಸ್. ಅವಳ ದನಿ ಏರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ಡೊಂಕಾಗೇ ಇದೆ."

ಆಗ ಎಲೆರಿ ಬಾಯಿ ತೆರೆದಳು. ಅಲ್ಲಿಯವರೆಗೆ ಯಾರೂ ಅವಳನ್ನು ಏನೂ ಕೇಳಿರಲಿಲ್ಲ.

"ಆವತ್ತು ನನಗೆ ಫೋನ್ ಬರ್ಲಿಲ್ಲ," ಎಂದಳು. "ಮಗೂಗೆ ಏನೋ ಆಗಿಹೋಯ್ತು ಅಂತ ಓಡ್ಕೊಂಡು ಗೇಟಿಗೆ ಬಂದೆ. ಇಲ್ಲ, ಊಟ ಮಾಡ್ತಿದ್ದಾಳೆ ಅಂದ್ರು. ನಾನು ನಂಬ್ಲಿಲ್ಲ. ಬೇಲಿ ಹತ್ರ ನಿಂತೇ ಇದ್ದೆ. ನನ್ನ ಮಗಳು ಶಾಲೇಲಿ ಊಟ ಮಾಡೋದು ಅಷ್ಟು ದೊಡ್ಡ ವಿಷಯ ಆಗಿಬಿಟ್ಟಿತ್ತು ನಮಗೆ."

ಬಿಸ್ಕತ್ ಯಾರೂ ಮುಟ್ಟಲಿಲ್ಲ. ಎಮ್ಲಿನ್ ನಿಧಾನವಾಗಿ ಹೇಳಿದ, "ದಾಖಲೆ ಇಲ್ದೆ ಮಗೂನ ದಿನಾ ಮನೆಗೆ ಕಳಿಸೋದು ಕಾನೂನಿಗೆ ವಿರುದ್ಧ. ಇಷ್ಟು ದಿನ ಏನಾಯ್ತು ಅಂತ ನಾನು ಕೌಂಟಿಗೆ ಬರೀಲೇಬೇಕು. ಸೋಮವಾರದಿಂದ ಏನಾಯ್ತು ಅಂತ ಬರೀಬೇಕು ಅನ್ನೋದನ್ನ ನೀವು ಹೇಳಿ."

ಪ್ರಾಸರ್ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಎಲೆರಿಯ ಕೋಟಿನ ಗುಂಡಿಗಳತ್ತ ನೋಡಿದರು. "ಓದುವ ಕೋಣೆಯ ಬೀಗದ ಕೈ ನನ್ನ ಹತ್ರ ಇದೆ," ಎಂದರು ಕೊನೆಗೆ.

ಸೋಮವಾರ ಓದುವ ಕೋಣೆಯಲ್ಲಿ ಮಾಬ್ಲಿ, ಗೆಳತಿ, ಇಬ್ಬರ ಊಟ. ಶುಕ್ರವಾರದ ಹೊತ್ತಿಗೆ ಇನ್ನೂ ಕೆಲವರು ತಟ್ಟೆ ಹಿಡಿದು ಬಾಗಿಲಲ್ಲಿ ನಿಂತಿದ್ದರು. ಹಾಲ್‌ನಲ್ಲಿ ತಲೆ ನೋಯುತ್ತದೆಂದು ಇಷ್ಟು ದಿನ ಯಾರಿಗೂ ಹೇಳಿರದ ಮಕ್ಕಳು.

ಅಂದು ಊಟಕ್ಕೆ ಮೀನು, ಚಿಪ್ಸ್. ಎಮ್ಲಿನ್ ಬಂದಿದ್ದ. ಸ್ಟಾಫ್ ರೂಮಿನಲ್ಲಿ ನೆರಿಸ್ ಟೀ ಮಾಡಿ ಎರಡು ಚಮಚ ಸಕ್ಕರೆ ಹಾಕಿದಳು.

"ಮೂರಿಲ್ವಾ?"

"ಇನ್ನು ಬೇಕಾಗಲ್ಲ."

ಅವನು ನಗುತ್ತಾನೆ ಅಂದುಕೊಂಡಳು. ಅವನು ಲೋಟವನ್ನೇ ನೋಡುತ್ತಿದ್ದ. "ಈ ಶಾಲೆಗೆ ಇನ್ನು ನಾನು ಬರಲ್ಲ ನೆರಿಸ್. ಬೇರೆಯವರಿಗೆ ವಹಿಸಿ ಅಂತ ಕಚೇರೀಲಿ ಕೇಳ್ಕೊಂಡೆ."

ಹಳೆಯ ಸಿಟ್ಟೆಲ್ಲ ಒಟ್ಟಿಗೇ ಎದ್ದು ಬಂತು. "ಎಲ್ಲರೂ ಹಾಗೇ. ಬರ್ತೀರಿ, ಬರೀತೀರಿ, ಹೋಗ್ತೀರಿ."

"ಪೂರ್ತಿ ಕೇಳು. ಕಾರಣ ಏನು ಅಂತ ಕೇಳಿದ್ರು. ಅಲ್ಲಿನ ಟೀಚರ್ ಒಬ್ಬರ ವಿಷಯದಲ್ಲಿ ನನ್ನ ಕಣ್ಣನ್ನ ನಂಬೋ ಹಾಗಿಲ್ಲ ಅಂದೆ. ಮಗೂನ ನೋಡು ಅಂದ್ರೆ ಅವರನ್ನೇ ನೋಡ್ತೀನಿ. ಬೋರ್ಡ್ ಒರೆಸೋದನ್ನ ನೋಡ್ತೀನಿ."

ನೆರಿಸ್‌ಗೆ ಬೈಯಲು ಇಟ್ಟುಕೊಂಡ ಮಾತೆಲ್ಲ ಮರೆತುಹೋಯಿತು. "ಆ ಬೋರ್ಡ್ ಆಗ್ಲೇ ಸ್ವಚ್ಛ ಇತ್ತು," ಎಂದಳು.

"ಗೊತ್ತು."

"ಗೊತ್ತಿದ್ದೂ ವರದೀಲಿ ಯಾಕೆ ಬರೀಲಿಲ್ಲ?"

"ಅದು ನನಗೊಬ್ಬನಿಗೇ ಇರ್ಲಿ ಅಂತ."

ಅವಳು ಅವನ ಸ್ವೆಟರಿನ ತೂತಿಗೆ ಬೆರಳಿಟ್ಟು ಎಳೆದಳು. "ಇದನ್ನ ಬಿಚ್ಚಿ ಕೊಡು, ಹೊಲಿದು ಕೊಡ್ತೀನಿ. ವಾಪಸ್ ಬೇಕಾದ್ರೆ ಮನೆಗೆ ಬರ್ಬೇಕು." ಅವನು ಅವಳ ಬೆರಳನ್ನು ಹಿಡಿದವನು ಬಿಡಲಿಲ್ಲ. ಗಂಟೆ ಹೊಡೆದಾಗ ಇಬ್ಬರ ಟೀಯೂ ಆರಿಹೋಗಿತ್ತು.

ಸಂಜೆ ಶಾಲೆ ಬಿಡುವ ಹೊತ್ತಿಗೆ ಇಬ್ಬರೂ ಗೇಟಿನ ಬಳಿ ಬಂದರು. ತಾಯಂದಿರು, ಅಜ್ಜಂದಿರು ಗುಂಪಾಗಿ ನಿಂತು ಹರಟುತ್ತಿದ್ದರು. ಎಲೆರಿ ಅವರ ನಡುವೆ ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬೇಲಿಗೆ ಒರಗಿ, ಕೋಟನ್ನು ತೋಳ ಮೇಲೆ ಹಾಕಿಕೊಂಡು ನಿಂತಿದ್ದಳು. ಬೆಳಿಗ್ಗೆ ಬೇಕರಿಗೆ ಹೋಗಿ ಬಂದಿದ್ದಳು. ಮತ್ತೆ ಕೆಲಸಕ್ಕೆ ಬಾ ಎಂದಿದ್ದರಂತೆ.

ಮಾಬ್ಲಿ ಕೊನೆಯವಳಾಗಿ ಹೊರಗೆ ಬಂದಳು, ಗೆಳತಿಯ ಕೈ ಹಿಡಿದು, ಗಲ್ಲದ ಮೇಲೆ ಬಣ್ಣ ಮೆತ್ತಿಕೊಂಡು. ಬೇಲಿಯ ಬಳಿ ತಾಯಿಯನ್ನು ಕಂಡದ್ದೇ ಗಕ್ಕನೆ ನಿಂತಳು. ಮುಖ ಊದಿಸಿಕೊಂಡಳು.

"ಅಮ್ಮ, ಇಷ್ಟು ಬೇಗ ಯಾಕೆ ಬಂದೆ?"

ಎಲೆರಿ ಕೋಟಿನಲ್ಲಿ ಮುಖ ಮುಚ್ಚಿಕೊಂಡಳು. ನೆರಿಸ್ ಎಮ್ಲಿನ್‌ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಇಡೀ ಊರು ನೋಡುತ್ತಿತ್ತು, ನೋಡಲಿ ಎಂದುಕೊಂಡಳು.