ಕೆಂಪು ಬಾಗಿಲಿನ ಓಟ

ನರಿಯ ಜಾಗ ಖಾಲಿ ಬಿಡಿ ಎಂದು ಮಜರ್ ಮೂರು ಸಲ ಹೇಳಿದ. ಅಜಿತ ಮೂರು ಸಲವೂ ನಕ್ಕ.

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ಮಜರನದು ಹಳೆ ಸಾಮಾನಿನ ಅಂಗಡಿ. ಯಾವುದೋ ಲಾಡ್ಜಿನಲ್ಲಿ ಯಾರೋ ಬಿಟ್ಟುಹೋದ ಜಪಾನಿನ ಕಾರ್ಡಿನ ಆಟ ಅಲ್ಲಿಗೆ ಬಂದು ಬಿದ್ದಿತ್ತು. ಹಾಸಿನ ಮೇಲೆ ಬರೆದ ಕಾಡು, ಕಾಡಿನ ತುದಿಗೆ ಕೆಂಪು ಕಂಬಗಳ ಬಾಗಿಲು. ಓಡುವ ದೆವ್ವಗಳು ಮೂರು: ಒಂಟಿ ಕಣ್ಣಿನ ಒಂಟಿ ಕಾಲಿನ ಕೊಡೆ, ನೆತ್ತಿಯ ಮೇಲೆ ನೀರು ಹೊತ್ತ ಆಮೆ, ಹೆಂಗಸಾಗಿ ತಿರುಗುವ ನರಿ. ಕೈಯಲ್ಲಿರುವ ಎಲೆಯ ಮೇಲೆ ಎಷ್ಟು ಅಂಕಿಯೋ ಅಷ್ಟು ಹೆಜ್ಜೆ. ಬಾಗಿಲು ಮೊದಲು ಮುಟ್ಟಿದವರು ಗೆದ್ದರು, ಹಿಂದುಳಿದವರು ಕಾಡಿನ ಪಾಲು. ನರಿಯ ಕಾರ್ಡು ಕಳೆದುಹೋಗಿತ್ತು.

"ಅದರ ಜಾಗದಾಗ ಮುಖ ಇದ್ದದ್ದು ಏನೂ ಇಡಬ್ಯಾಡ್ರಿ ಸಾಬ್. ಇಟ್ರ ಓಟ ಅರ್ಧಕ್ಕ ನಿಲ್ಲಂಗಿಲ್ಲ" ಎಂದ ಮಜರ್.

"ಜಪಾನಿನ ದೆವ್ವಕ್ಕ ಕಮಲಾಪುರದ ಬಸ್ ಗೊತ್ತದೇನು?"

ಮಜರ್ ನಗಲಿಲ್ಲ. ಅಜಿತ ಆಟ ಕೊಂಡು ಬಸ್ ಹತ್ತಿದ.

ಅಜಿತ ಕಮಲಾಪುರಕ್ಕೆ ಬಂದು ಎರಡು ತಿಂಗಳಾಗಿತ್ತು. ಸರ್ಕಾರಿ ನೌಕರಿಯ ಪರೀಕ್ಷೆ ನಾಲ್ಕು ಸಲ ಬರೆದು, ನಾಲ್ಕೂ ಸಲ ಒಂದೆರಡು ಅಂಕಕ್ಕೆ ತಪ್ಪಿಸಿಕೊಂಡು, ಈಗ ಜನರ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿದ್ದ. ಅಂಗಡಿಯ ಹಿಂದೆಯೇ ಮನೆ. ಗೆಲುವು ಎಂದರೆ ಏನೆಂದೇ ತಿಳಿಯದ ಮನುಷ್ಯ. ಹೆಂಡತಿ ಗೌತಮಿಯ ಜೊತೆ ಆಡಿದರೂ ಸೋಲು. ಸೋತಾಗಲೆಲ್ಲ ಹಾಸು ಎತ್ತಿ ಒಗೆಯುವುದು ಅವನ ಚಾಳಿ. ಆರಿಸುವವಳು ಮಾತ್ರ ಗೌತಮಿ.

ಆ ಭಾನುವಾರ ಮಧ್ಯಾಹ್ನ ಕರೆಂಟಿರಲಿಲ್ಲ. ಬಿಸಿಲಿಗೆ ಹೆದರಿ ಕಿಟಕಿ ಮುಚ್ಚಿದ್ದರು. ಕತ್ತಲೆ ಕೋಣೆಯಲ್ಲಿ ಮೂಲೆಯ ಕೆಂಪು ಬಾಳೆಗೊನೆ ಘಮ್ಮೆನ್ನುತ್ತಿತ್ತು. ಗೌತಮಿ ಆಮೆಯನ್ನಿಟ್ಟುಕೊಂಡು ಎರಡು ಆಟ ಗೆದ್ದಳು. ಅಜಿತನಿಗೆ ಮೈಯೆಲ್ಲ ಉರಿಯಿತು.

"ಆ ಆಮೀದೇ ನಸೀಬ. ಈಗ ನೀನೇ ಓಡು" ಎಂದವನು ಅಂಗಡಿಯ ಫೈಲಿನಿಂದ ಅವಳ ಪಾಸ್‌ಪೋರ್ಟ್ ಸೈಜ್ ಫೋಟೋ ತೆಗೆದು, ಗೋಂದು ಹಚ್ಚಿ, ನರಿಯ ಜಾಗದಲ್ಲಿ ಒತ್ತಿಬಿಟ್ಟ.

"ಬ್ಯಾಡ್ರೀ. ಅಂಗಡಿಯವ ಹೇಳ್ಯಾನಲ್ಲ."

"ಸೋಲ್ತೀನಂತ ಅಂಜಿಕಿ ಬಂತೇನು?"

ಗೌತಮಿಗೆ ಬರೀ ಒಂದು, ಒಂದು, ಒಂದು. ಅಜಿತನಿಗೆ ಐದು, ಆರು. ಅವನ ಕೊಡೆ ದೆವ್ವ ಕುಪ್ಪಳಿಸುತ್ತ ಹೋಯಿತು. ಗೋಂದು ಹಚ್ಚಿ ಒತ್ತಿದ ಫೋಟೋ ತಾನೇ ಒಂದೊಂದು ಮನೆ ಸರಿಯುತ್ತಿದ್ದುದು ಗೆಲುವಿನ ಅಮಲಿನಲ್ಲಿ ಅವನ ಕಣ್ಣಿಗೆ ಬೀಳಲೇ ಇಲ್ಲ. ಬಾಳೆಯ ಘಮ ಹೋಗಿ, ಒದ್ದೆ ಮಣ್ಣಿನ, ಒದ್ದೆ ತುಪ್ಪಟದ ವಾಸನೆ ಏಳತೊಡಗಿತು.

"ರೀ, ಕಾಲು ನೋಯಾಕತ್ತಾವ. ಹಿಂದ ಯಾರೋ ಬರಾಕತ್ತಾರ." ಅವಳು ಕುಳಿತಲ್ಲೇ ಏದುಸಿರು ಬಿಡುತ್ತಿದ್ದಳು.

"ನಾಟಕ ಬಿಡು. ಒಂದು ಸಲರೆ ಗೆಲ್ಲಾಕ ಬಿಡು ನನಗ!"

ಅಜಿತ ತಲೆಯೆತ್ತಿ ನೋಡಿದ. ಗೌತಮಿಯ ಕಾಲುಗಳು ಮೊಣಕಾಲಿನವರೆಗೆ ಕೆಸರಾಗಿದ್ದವು. ಮುಳ್ಳು ಗೀರಿ ರಕ್ತ ಇಳಿಯುತ್ತಿತ್ತು. ಹಾಸಿನ ಮೇಲಿನ ಫೋಟೋದಲ್ಲಿ ಅವಳು ಹಿಂದಕ್ಕೆ ತಿರುಗಿ ಏನನ್ನೋ ನೋಡುತ್ತಿದ್ದಳು.

ಅಜಿತ ಹಾಸನ್ನು ಕಿತ್ತು ಒಗೆಯಲು ಹೋದ. ಅದು ಏಳಲಿಲ್ಲ. ಫೋಟೋ ಕೀಳಲು ಹೋದ. ಗೌತಮಿ ಚೀರಿದಳು, ಅವಳ ಕೆನ್ನೆಯ ಚರ್ಮ ಎದ್ದು ಬಂದಿತ್ತು. ಕೈಬಿಟ್ಟ. ಕೈಯಲ್ಲಿದ್ದ ಎಲೆಗಳನ್ನು ಬಿಸಾಡಿದ. ಬೀಳಲಿಲ್ಲ. ಬೆರಳಿಗೆ ಅಂಟಿಕೊಂಡಿದ್ದವು. ನಾಲ್ಕು, ಐದು, ಆರು. ಬಾಗಿಲಿಗೆ ಉಳಿದದ್ದು ನಾಲ್ಕೇ ಹೆಜ್ಜೆ. ಯಾವ ಎಲೆ ಹಾಕಿದರೂ ಗೆಲುವು. ಜನ್ಮವಿಡೀ ಬೇಡಿದ ಎಲೆಗಳು ಇವತ್ತೇ ಬರಬೇಕೇ! ಅವನಿಗೆ ಹಣೆ ಚಚ್ಚಿಕೊಳ್ಳುವಂತಾಯಿತು.

ಅವನ ಕೈ ತಾನಾಗಿ ಹಾಸಿನತ್ತ ಇಳಿಯತೊಡಗಿತು. ಎಷ್ಟು ಹಿಂದಕ್ಕೆ ಎಳೆದರೂ ನಿಲ್ಲದು. ಗೌತಮಿಯ ಕಣ್ಣಾಲಿಗಳು ಮೇಲಾಗಿದ್ದವು. ಕೋಣೆಯಲ್ಲಿ ತುಪ್ಪಟ ಉಜ್ಜುವ ಸದ್ದು. ಹತ್ತಿರ. ಇನ್ನೂ ಹತ್ತಿರ.

ಅರ್ಜಿಗೆ ತಪ್ಪು ಫೋಟೋ ಅಂಟಿಸಿದರೆ ಅಂಗಡಿಯಲ್ಲಿ ಅವನು ಅದನ್ನು ಕೀಳುತ್ತಿರಲಿಲ್ಲ, ಕಾಗದ ಹರಿಯುತ್ತದೆ. ಅದರ ಮೇಲೆಯೇ ಸರಿಯಾದದ್ದನ್ನು ಅಂಟಿಸುತ್ತಿದ್ದ. ಎಡಗೈಯಿಂದ ಫೈಲು ತಡಕಾಡಿದ. ತನ್ನ ಫೋಟೋ ಸಿಕ್ಕಿತು. ಗೋಂದಿನ ಬಾಟಲಿ ಉರುಳಿತು. ನೆಲಕ್ಕೆ ಚೆಲ್ಲಿದ ಗೋಂದಿನಲ್ಲೇ ಅದ್ದಿದ. ಅವಳ ಮುಖದ ಮೇಲೆ ತನ್ನ ಮುಖ ಇಟ್ಟ. ಒತ್ತಿದ.

ಗೌತಮಿ ದೀರ್ಘವಾಗಿ ಉಸಿರೆಳೆದಳು.

ಅವನ ಬಲಗೈ ಎಲೆ ಹಾಕಿತು. ನಾಲ್ಕು. ಕೊಡೆ ದೆವ್ವ ಕೆಂಪು ಬಾಗಿಲು ದಾಟಿತು. ಅಜಿತ ಕೊನೆಗೂ ಗೆದ್ದ.

ಒದ್ದೆಯಾದದ್ದೇನೋ ಅವನ ಹಣೆಯಿಂದ ಗದ್ದದವರೆಗೆ ಒಮ್ಮೆ ನೆಕ್ಕಿ ಹೋಯಿತು. ಕರೆಂಟು ಬಂತು. ಫ್ಯಾನು ತಿರುಗಿತು. ಗೌತಮಿಯ ಪಾದಗಳು ಒಣಗಿ ಸ್ವಚ್ಛವಾಗಿದ್ದವು, ಕೆನ್ನೆಯಲ್ಲಿ ಗಾಯದ ಗುರುತೂ ಇರಲಿಲ್ಲ. ಅಜಿತನಿಗೆ ಅಳು ಉಕ್ಕಿ ಬಂತು.

"ಗೌತಮಿ, ಉಳಿದ್ಯಲ್ಲ ನೀ!"

ಅವಳು ಗಾಬರಿಯಿಂದ ಎದ್ದು, ಸೆರಗು ಸರಿಪಡಿಸಿಕೊಂಡು, ಗೋಡೆಗೆ ಬೆನ್ನು ಹಚ್ಚಿ ನಿಂತಳು.

"ಯಾರ್ರೀ ನೀವು? ಒಳಗ ಹೆಂಗ ಬಂದ್ರಿ?"

"ನಾನಽ. ಅಜಿತ."

ಹಾಸಿನ ಮೇಲೆ ಅವನ ಫೋಟೋದಲ್ಲಿ ಮುಖದ ಜಾಗ ಖಾಲಿಯಾಗಿತ್ತು. ಅವಳು ಅವನ ಮುಖವನ್ನು ಒಮ್ಮೆ ಸರಿಯಾಗಿ ನೋಡಿದಳು. ಮರುಕ್ಷಣವೇ ಮೂಲೆಯ ಬಾಳೆ ಕೊಯ್ಯುವ ಕುಡುಗೋಲು ಕೈಗೆತ್ತಿಕೊಂಡಳು.

"ಅವರ ಹೆಸರು ಹೇಳಬ್ಯಾಡ್ರಿ. ನಡೀರಿ ಹೊರಗ. ನಮ್ಮ ಮನಿಯವರು ಈಗ ಬರ್ತಾರ."