ಬೆಳಕಿಗೆ ಎದುರಾದ ಕುರ್ಚಿ

"ಏಳಿ."

ಮಾತು ಬಾಯಿಂದ ಬರಲಿಲ್ಲ. ಎರಡು ಅಂಗೈಗಳು ಮೇಲಕ್ಕೆ ಚಿಮ್ಮಿದವು, ಅಷ್ಟೇ. ಅವಳು ಕಕ್ಕಾಬಿಕ್ಕಿಯಾಗಿ ಎದ್ದಳು. ಶಾಸಕ ಅವಳ ಕುರ್ಚಿಯನ್ನು ಎತ್ತಿ, ಉದ್ದನೆಯ ಮೇಜನ್ನು ಬಳಸಿ ನಡೆದು, ತನ್ನ ಎದುರಿಗೆ ಕುಕ್ಕಿದ. ಸಮಿತಿಯ ಕೊಠಡಿಯಲ್ಲಿದ್ದವರೆಲ್ಲ ಕಾಗದಗಳಿಂದ ತಲೆಯೆತ್ತಿ ನೋಡಿದರು.

ದುಭಾಷಿಯಾಗಿ ಅಲ್ಲಿ ಅವಳಿಗದು ಮೊದಲ ದಿನ. ಸದನಕ್ಕೆ ಆರಿಸಿ ಬಂದ ಕಿವಿ ಕೇಳದ ಮೊದಲ ಶಾಸಕ ಅವನು. ಇತರರ ಮಾತನ್ನು ಅವನಿಗೆ ಸನ್ನೆಯಲ್ಲಿ ತಲುಪಿಸುವುದು, ಅವನ ಸನ್ನೆಯನ್ನು ತನ್ನ ದನಿಯಲ್ಲಿ ಸಭೆಗೆ ತಿಳಿಸುವುದು ಅವಳ ಕೆಲಸ. ಜವಾನ ತೋರಿಸಿದನೆಂದು ಅವನ ಪಕ್ಕದಲ್ಲೇ ಕುಳಿತಿದ್ದಳು.

ಮುಖ ಕೆಂಪಾಗಿ, ಸನ್ನೆಯಲ್ಲೇ ಕೇಳಿದಳು: "ನಾನೇನು ಎತ್ತಿಡೋ ಸಾಮಾನಾ?"

"ಸಾಮಾನಾಗಿದ್ದರೆ ಎಲ್ಲಿದ್ದರೂ ನಡೀತಿತ್ತು. ಪಕ್ಕದಲ್ಲಿ ಕೂತರೆ ನಿಮ್ಮ ಕೈ ನನಗೆ ಕಾಣಲ್ಲ. ಬೆಳಕಿಗೆ ಎದುರಾಗಿ ಕೂತ್ಕೊಳ್ಳಿ."

ಕಿವಿ ಕೇಳದ ತಂದೆತಾಯಿಯ ಮಗಳು ನಾನು! ಹುಟ್ಟಿದಂದಿನಿಂದ ಬಲ್ಲ ಪಾಠವನ್ನು ಈ ಕೊಠಡಿಯ ಬೆಡಗಿಗೆ ಬೆರಗಾಗಿ ಮರೆತೆನೇ?

ಮುಂದಿನ ದಿನಗಳಲ್ಲಿ ಕೋಪ ಹೋಗಿ ನಗು ಬಂತು. ಸನ್ನೆ ಮಾತಿನವರಲ್ಲಿ ಒಬ್ಬೊಬ್ಬರಿಗೂ ಒಂದು ಸನ್ನೆಯ ಹೆಸರಿಡುವ ವಾಡಿಕೆಯುಂಟು. ವಿರೋಧ ಪಾಳಯದ ಹಿರಿಯ ಸದಸ್ಯರೊಬ್ಬರಿಗೆ ಅವನು ಇಟ್ಟಿದ್ದ ಹೆಸರು, ಮೀಸೆ ತಿರುವುವ ಎರಡು ಬೆರಳು. ಅವರು ಗಂಟೆಗಟ್ಟಲೆ ಮಾತನಾಡಿದರೆ, "ಸಾರಾಂಶ ಏನು?" ಎಂದು ಗಂಭೀರವಾಗಿ ಕೇಳುತ್ತಿದ್ದ. "ಇನ್ನೂ ಬಂದಿಲ್ಲ," ಎಂದು ಅವಳೂ ಅಷ್ಟೇ ಗಂಭೀರವಾಗಿ ತಿಳಿಸುತ್ತಿದ್ದಳು.

ಅವಳಿಗೂ ಒಂದು ಹೆಸರು ಸಿಕ್ಕಿತು. ಹಣೆಯ ಕೂದಲನ್ನು ಕಿವಿಯ ಹಿಂದಕ್ಕೆ ಸರಿಸುವ ಬೆರಳು. ಅವನು ತನ್ನ ಹಣೆಯ ಬಳಿ ಬೆರಳು ತಂದಾಗಲೆಲ್ಲ ಅವಳ ಎದೆ ಝಲ್ಲೆನ್ನುತ್ತಿತ್ತು. ಇದು ಕೆಲಸ, ಬರೀ ಕೆಲಸ... ಎಂದು ತನಗೆ ತಾನೇ ಬುದ್ಧಿ ಹೇಳಿಕೊಳ್ಳುತ್ತಿದ್ದಳು. ಹೃದಯಕ್ಕೆ ಬುದ್ಧಿ ಹೇಳಿ ಗೆದ್ದವರುಂಟೇ?

ಅವನು ಉಸಿರಾಗಿಸಿಕೊಂಡಿದ್ದು ಒಂದೇ ಮಸೂದೆಯನ್ನು. ಪ್ರತಿ ಸರ್ಕಾರಿ ಆಸ್ಪತ್ರೆಯಲ್ಲೂ ನ್ಯಾಯಾಲಯದಲ್ಲೂ ಸನ್ನೆ ಬಲ್ಲ ದುಭಾಷಿ ಇರಲೇಬೇಕು ಎನ್ನುವ ಮಸೂದೆ. ಯಾಕಿಷ್ಟು ಹಟ ಎಂದು ಅವಳು ಒಮ್ಮೆ ಕೇಳಿದಳು.

ಅವನ ಕೈಗಳು ನಿಧಾನವಾದವು. ಅವನ ತಾಯಿಗೂ ಕಿವಿ ಕೇಳುತ್ತಿರಲಿಲ್ಲ. ಎರಡನೆಯ ಹೆರಿಗೆಯ ಮರುದಿನ ಎಚ್ಚರವಾಗಿ ನೋಡಿದರೆ ಹಾಸಿಗೆಯ ಬಳಿ ತೊಟ್ಟಿಲೇ ಇರಲಿಲ್ಲ. ಮಗು ತೀರಿಕೊಂಡಿತ್ತು. ನೋವಾದೀತೆಂದು ಯಾರೂ ತಿಳಿಸಲಿಲ್ಲ. ತೊಟ್ಟಿಲನ್ನು ಸರಿಸಿ, ಬೆನ್ನು ಸವರಿ ಹೋದರು. ಆ ತಾಯಿ ವಾರ್ಡಿನಿಂದ ವಾರ್ಡಿಗೆ ಮಗುವನ್ನು ಹುಡುಕುತ್ತಾ ಅಲೆದಳು.

"ಅವರಾರೂ ಕೆಟ್ಟವರಲ್ಲ," ಎಂದ ಅವನು. "ಪಾಪ ಅಂದುಕೊಂಡರು. ಅಷ್ಟೇ."

ಅವಳು ಕಣ್ಣೊರೆಸಿಕೊಂಡಳು. ಆದರೆ ಆ ಕಥೆಯಿಂದ ಕಲಿಯಬೇಕಾದ ಪಾಠವನ್ನು ಕಲಿಯಲಿಲ್ಲ.

ಸಮಿತಿಯ ಕೊನೆಯ ಸಭೆಯಲ್ಲಿ ಮೀಸೆಯ ಸದಸ್ಯರು ಕುರ್ಚಿಗೆ ಒರಗಿ, ಇವರಿಗೆಲ್ಲ ಅನ್ನ ಬಟ್ಟೆ ಕೊಟ್ಟರೆ ಸಾಲದೇ, ಮಾತೂ ಬೇಕೇ ಎಂದು ನಕ್ಕರು. ಕಿವುಡನನ್ನು ಆರಿಸಿದ ಜನಕ್ಕೆ ಬುದ್ಧಿಯೂ ಇದ್ದಂತಿಲ್ಲ ಎಂದರು.

ಶಾಸಕ ಅವಳ ಕೈಗಳನ್ನೇ ನೋಡುತ್ತಿದ್ದ. ಆ ನಂಬಿಕೆಯ ಕಣ್ಣಿಗೆ ಈ ಕೆಸರನ್ನು ಹೇಗೆ ಎರಚಲಿ?

ಚಿಕ್ಕಂದಿನ ಚಾಳಿ ಕೈಯಲ್ಲಿ ಎಚ್ಚೆತ್ತಿತು. ಅಂಗಡಿಯವರು ಅಪ್ಪನನ್ನು ಬೈದರೆ, "ನಾಳೆ ಬನ್ನಿ ಅಂತಿದ್ದಾರೆ" ಎಂದು ತಿಳಿಸಿ ಬೆಳೆದವಳು ಅವಳು.

"ಯೋಚನೆ ಮಾಡೋಣ ಅಂತಿದ್ದಾರೆ. ನಿಮ್ಮ ಮೇಲೆ ಗೌರವ ಇದೆ ಅಂದರು," ಎಂದವು ಅವಳ ಕೈಗಳು.

ಅವನು ಮೀಸೆಯ ಸದಸ್ಯರ ಕಡೆ ತಿರುಗಿ, ಮುಗುಳ್ನಕ್ಕು, ಕೈಮುಗಿದ.

ಸಂಜೆ ಆ ದೃಶ್ಯ ಎಲ್ಲ ಟಿ.ವಿ.ಗಳಲ್ಲೂ ಬಂತು, ಕೆಳಗೆ ಬೈಗುಳ ಅಕ್ಷರವಾಗಿ ಓಡುತ್ತಿತ್ತು, ಮೇಲೆ ಅವನು ಕೈಮುಗಿದು ನಗುತ್ತಿದ್ದ. ಮರುದಿನ ಅವನ ಕಚೇರಿಯ ಮುಂದೆ ಅವನಿಗೆ ಮತ ಕೊಟ್ಟವರೇ ನಿಂತಿದ್ದರು. ನಮ್ಮನ್ನು ಬೈದರೆ ನೀವು ಕೈಮುಗಿದಿರಾ ಎಂದು ಒಬ್ಬ ಮುದುಕಿ ಸನ್ನೆಯಲ್ಲಿ ಕೇಳಿದಳು. ಟಿ.ವಿ.ಯಲ್ಲಿ ಓಡಿದ ಅಕ್ಷರಗಳನ್ನು ಅವನು ಆಗಲೇ ಓದಿದ್ದ.

ದುಭಾಷಿ ಒಳಗೆ ಕಾಲಿಟ್ಟಾಗ ಅವನು ರೇಗಾಡಲಿಲ್ಲ.

"ನಿಮಗೆ ನೋವಾಗಬಾರದು ಅಂತ..." ಅವಳ ಬೆರಳುಗಳು ತಡವರಿಸಿದವು.

"ನೀವೂ ತೊಟ್ಟಿಲು ಸರಿಸಿದಿರಿ," ಎಂದ ಅವನು.

ಇನ್ನು ಮುಂದೆ ಬೇರೆ ದುಭಾಷಿ ಬರುತ್ತಾರೆಂದು ಅವನು ತಿಳಿಸಿದ. ತಿಳಿಸುವಾಗ ಅವಳ ಹೆಸರಿನ ಸನ್ನೆಯನ್ನು ಬಳಸಲಿಲ್ಲ.

ಅವಳ ಅಪ್ಪ ದರ್ಜಿ. ಮಗಳು ಹೊಲಿಗೆ ಯಂತ್ರದ ಪಕ್ಕ ಕುಳಿತು ಅತ್ತಿದ್ದನ್ನೂ, ಅಳುತ್ತಲೇ ತನ್ನ ಬಾಲ್ಯದ ಸುಳ್ಳುಗಳನ್ನೆಲ್ಲ ಒಪ್ಪಿಕೊಂಡಿದ್ದನ್ನೂ ನೋಡಿದ. ಅವನಿಗೆ ಆಶ್ಚರ್ಯವೇ ಆಗಲಿಲ್ಲ.

"ಅಂಗಡಿಯವನ ಮುಖ ಒಂದು ಹೇಳ್ತಿತ್ತು, ನಿನ್ನ ಕೈ ಇನ್ನೊಂದು. ನನಗೆ ಗೊತ್ತಿತ್ತು, ಪುಟ್ಟಿ. ನೀನು ಮಗು ಅಂತ ಸುಮ್ಮನಿದ್ದೆ."

"ಈಗ ಏನು ಮಾಡ್ಲಿ ಅಪ್ಪ?"

ಅಪ್ಪ ಕೊರಳಲ್ಲಿದ್ದ ಅಳತೆಯ ಟೇಪನ್ನು ಎಳೆದು ತೋರಿಸಿದ. "ಪ್ರೀತಿ ಇದೆ ಅಂತ ಅಳತೆ ಬದಲಾಯಿಸಿದರೆ ಅಂಗಿ ಯಾರಿಗೂ ಆಗಲ್ಲ. ಹೋಗಿ ಸರಿಯಾದ ಅಳತೆ ಕೊಡು."

ಮಸೂದೆ ಸದನಕ್ಕೆ ಬಂದ ದಿನ ಬೆಳಗ್ಗೆ ಅವಳು ಶಾಸಕರ ಕೊಠಡಿಯ ಬಾಗಿಲಲ್ಲಿ ನಿಂತಳು. ಹೊಸ ದುಭಾಷಿ, ತಲೆ ನರೆತ ಸಂಭಾವಿತರು, ಆಗಲೇ ಅಲ್ಲಿದ್ದರು.

"ಕ್ಷಮೆ ಕೇಳೋಕೆ ಮಾತ್ರ ಬಂದಿಲ್ಲ," ಎಂದಳು. "ಅವರು ಇವತ್ತು ಇನ್ನೂ ಕೆಟ್ಟದಾಗಿ ಮಾತಾಡ್ತಾರೆ. ಒಂದಕ್ಷರ ಬಿಡದೆ ನಿಮಗೆ ಹೇಳ್ತೀನಿ. ನಿಮ್ಮ ಮಾತನ್ನೂ ಒಂದಕ್ಷರ ಬಿಡದೆ ಅವರಿಗೆ ಹೇಳ್ತೀನಿ. ಒಪ್ಪಿಗೆ ಇಲ್ಲದಿದ್ದರೆ ಹೊರಡ್ತೀನಿ."

ಅವನು ಹೊಸ ದುಭಾಷಿಯ ಕಡೆ ನೋಡಿದ. ನರೆತ ತಲೆಯವರೇ ಒಳ್ಳೆಯ ನಗೆ ನಕ್ಕು, ನನ್ನ ಭುಜಕ್ಕೂ ವಯಸ್ಸಾಯಿತು, ಸರದಿ ಹಂಚಿಕೊಂಡರೆ ಉಪಕಾರವೇ ಆದೀತು ಎಂದರು.

ಸದನದೊಳಗೆ ಶಾಸಕ ಒಂದು ಕುರ್ಚಿಯನ್ನು ತಾನೇ ಎತ್ತಿ ತಂದ. ಎತ್ತರದ ಕಿಟಕಿಯ ಬೆಳಕು ಬೀಳುವಲ್ಲಿ, ತನಗೆ ಎದುರಾಗಿ ಇಟ್ಟ. ಈ ಸಲ ಕುಕ್ಕಲಿಲ್ಲ.

ಮೀಸೆಯ ಸದಸ್ಯರು ಎದ್ದರು. ಜನರ ಕೂಗೇ ಕೇಳಿಸದವನು ಜನಪ್ರತಿನಿಧಿ ಹೇಗಾದಾನು ಎಂದರು. ಇದು ಭಿಕ್ಷೆಗೆ ಕಾನೂನಿನ ಅಂಗಿ ತೊಡಿಸುವ ಆಟ ಎಂದರು. ಅವಳ ಕಣ್ಣಲ್ಲಿ ನೀರು ತುಂಬಿತು. ಕೈಗಳು ಮಾತ್ರ ಒಂದು ಪದವನ್ನೂ ನುಂಗಲಿಲ್ಲ. ಬೈಗುಳ ಬೈಗುಳವಾಗಿಯೇ, ನಗೆ ನಗೆಯಾಗಿಯೇ ಅವನನ್ನು ತಲುಪಿತು.

ಅವನು ಎದ್ದು ನಿಂತ. ಅವಳ ದನಿ ಸದನದ ತುಂಬ ಹರಡಿತು.

"ನನಗೆ ಕೂಗು ಕೇಳಿಸುವುದಿಲ್ಲ, ನಿಜ. ಅದಕ್ಕೇ ಜನರ ಮುಖ ನೋಡುವುದನ್ನು ಕಲಿತೆ. ಹಿರಿಯರು ಭಿಕ್ಷೆ ಎಂದರು. ನನ್ನ ತಾಯಿ ಆಸ್ಪತ್ರೆಯಲ್ಲಿ ಬೇಡಿದ್ದು ಅನ್ನವನ್ನಲ್ಲ, ಬಟ್ಟೆಯನ್ನಲ್ಲ. ತನ್ನ ಮಗು ಎಲ್ಲಿ ಎಂದು ಕೇಳಿದಳು. ನಿಮ್ಮ ಕರುಣೆಯನ್ನು ನೀವೇ ಇಟ್ಟುಕೊಳ್ಳಿ. ನಮ್ಮ ಮಗು ಸತ್ತರೆ, ಸತ್ತಿತು ಎಂದು ನಮಗೆ ಹೇಳಿ. ಹಾಗೆ ಹೇಳಬಲ್ಲ ಒಬ್ಬರನ್ನು ಅಲ್ಲಿ ಇಡಿ. ಈ ಮಸೂದೆ ಕೇಳುವುದು ಅಷ್ಟನ್ನೇ."

ಮತಕ್ಕೆ ಹಾಕುವಾಗ ಸದಸ್ಯರು ಹೌದು, ಇಲ್ಲ ಎಂದು ಕೂಗುವುದು ಆ ಸದನದ ಪದ್ಧತಿ. ಹಾಗೆ ಕೂಗಲು ಹೇಳಹೊರಟ ಸಭಾಧ್ಯಕ್ಷರು ಅರ್ಧಕ್ಕೇ ನಿಲ್ಲಿಸಿದರು. ಶಾಸಕನತ್ತ ಒಮ್ಮೆ ನೋಡಿ, ಹೌದೆನ್ನುವವರು ಇವತ್ತು ಕೈಯೆತ್ತಬೇಕೆಂದರು.

ಒಂದು ಕೈ ಎದ್ದಿತು. ಇನ್ನೊಂದು. ಸಾಲಿಗೆ ಸಾಲೇ ಎದ್ದಿತು. ಮೀಸೆಯ ಸದಸ್ಯರ ಕೈ ಏಳಲಿಲ್ಲ. ಅವರ ಹಿಂದೆ ಕುಳಿತಿದ್ದವರ ಕೈಗಳು ಎದ್ದವು. ಹುಟ್ಟಿದ ಮೇಲೆ ಮೊದಲ ಬಾರಿಗೆ ಅವನು ಒಂದು ಇಡೀ ಸಭೆಯ ಹೌದನ್ನು ದುಭಾಷಿಯಿಲ್ಲದೆ ಕಂಡ.

ಸದನ ಖಾಲಿಯಾಯಿತು. ಅವಳು ಚೀಲ ಹೆಗಲಿಗೇರಿಸಿದಾಗ ಅವನು ಅಡ್ಡ ಬಂದು, ಬೆರಳನ್ನು ತನ್ನ ಹಣೆಯ ಬಳಿ ತಂದು, ಕಾಣದ ಕೂದಲೊಂದನ್ನು ಕಿವಿಯ ಹಿಂದೆ ಸರಿಸಿದ. ಅವಳ ಹೆಸರು...

"ನನ್ನ ಜೊತೆ ಬದುಕೋದು ಅಂದರೆ... ಅಂದರೆ, ಯಾರಿಗಾದರೂ ಕಷ್ಟ. ನೀವು ಯೋಚನೆ ಮಾಡಿ, ನಿಧಾನವಾಗಿ..."

"ಮೆತ್ತಗೆ ಮಾಡಿ ಹೇಳಬೇಡಿ," ಎಂದಳು ಅವಳು. "ಇದ್ದದ್ದನ್ನ ಇದ್ದ ಹಾಗೆ ಹೇಳಿ."

ಅವನ ಬೆರಳು ಅವಳತ್ತ ತಿರುಗಿತು. "ನೀನು ಬೇಕು."

ಅವಳು ತನ್ನ ಕುರ್ಚಿಯನ್ನು ಎತ್ತಿ, ಅವನ ಕುರ್ಚಿಯ ಪಕ್ಕಕ್ಕೆ ತಂದಿಟ್ಟು ಕುಳಿತಳು. ಅವನೂ ಕುಳಿತು, ಹುಬ್ಬೇರಿಸಿದ. "ಪಕ್ಕದಲ್ಲಿ ಕೂತರೆ ಕೈ ಕಾಣಲ್ಲ ಅಂದಿದ್ದೆನಲ್ಲ?"

"ಹಿಡಿದುಕೊಂಡರೆ ಕಾಣಬೇಕಾಗಿಲ್ಲ," ಎಂದಳು ಅವಳು, ಕೈಚಾಚಿ.