ಪಾಪೆಯ ಅಳತೆ

ಅವಳು ಇನ್ನೊಬ್ಬನ ಕಣ್ಣಲ್ಲಿ ಕಣ್ಣಿಟ್ಟು ಕೂತು ಎರಡು ಗಂಟೆಯಾಗಿತ್ತು.

ಅದು ಅವಳ ಕೆಲಸ. ಗಾಜಿನ ಗೋಡೆಯ ಈಚೆ ಯಂತ್ರದ ಮುಂದೆ ನಿಂತಿದ್ದ ಅವನಿಗೆ ಅದು ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದ ಮಾತ್ರಕ್ಕೆ ಹೊಟ್ಟೆಯೊಳಗಿನ ಉರಿ ಕಡಿಮೆಯಾಗಬೇಕಲ್ಲ.

ಕನ್ನಡಕದ ಅಂಗಡಿಯ ಮೇಲಿನ ಆ ಎರಡು ಕೋಣೆಗಳಲ್ಲಿ ಕೃತಕ ಕಣ್ಣುಗಳನ್ನು ಮಾಡುತ್ತಿದ್ದರು. ಅಚ್ಚು ತೆಗೆದು ಬಿಳಿ ಗುಡ್ಡೆ ಮಾಡುವುದು, ಕೊನೆಯಲ್ಲಿ ಅದಕ್ಕೆ ಹೊಳಪು ಕೊಡುವುದು ಅವನ ಪಾಲಿನ ಕೆಲಸ. ಹಾಗಾಗಿ ಅವನು ಎಲ್ಲರಿಗೂ ‘ಪಾಲಿಶ್’. ನಡುವೆ ಆ ಗುಡ್ಡೆಗೆ ಜೀವ ತುಂಬುವವಳು ಅವಳು. ಅಂಗಿಯ ಗುಂಡಿಯಷ್ಟು ಸಣ್ಣ ಬಿಲ್ಲೆಯ ಮೇಲೆ ಕಂದು, ಹಳದಿ, ಎಲ್ಲೋ ಒಂದೆಳೆ ಹಸಿರು. ಬಿಳಿಯ ಮೇಲೆ ಕೆಂಪು ರೇಷ್ಮೆದಾರವನ್ನು ಎಳೆ ಎಳೆಯಾಗಿ ಬಿಡಿಸಿ ಹಾಸಿದ ಸಣ್ಣ ನರಗಳು. ನಾಲ್ಕು ವರ್ಷ ಫೈನ್ ಆರ್ಟ್ಸ್ ಓದಿ ಬಂದವಳು. ಸೇರಿದ ದಿನವೇ ಮಾಲಕಿ ಮೇಡಂ, “ಚಿತ್ರ ಬರೆಯೋದಕ್ಕೂ ಡಿಗ್ರಿ ಕೊಡ್ತಾರಾ?” ಎಂದು ನಕ್ಕಿದ್ದರು. ಅಂದಿನಿಂದ ಅವಳ ಹೆಸರೇ ‘ಡಿಗ್ರಿ’.

ಈಗ ಅವಳೆದುರು ಕೂತವನು ಒಂದು ಅನಿಮೇಷನ್ ಕಂಪನಿಯವನು. ಚೆಂಡು ಬಡಿದು ಎಡಗಣ್ಣು ಹೋಗಿತ್ತು. ಉಳಿದ ಒಂದರಲ್ಲೇ ಎರಡು ಕಣ್ಣಿಗಾಗುವಷ್ಟು ತುಂಟತನವಿತ್ತು.

“ನಗಬೇಡಿ. ನಕ್ಕರೆ ಕಣ್ಣು ಸಣ್ಣದಾಗುತ್ತೆ,” ಎಂದಳು ಡಿಗ್ರಿ.

“ಇಷ್ಟು ಹತ್ತಿರ ಕೂತು ನಗಬೇಡಿ ಅಂದ್ರೆ ಹೇಗೆ?”

ಪಾಲಿಶ್‌ನ ಯಂತ್ರ ಒಮ್ಮೆ ಕಿರ್ರೆಂದಿತು.

ಅವಳು ಸಾಲಾಗಿ ಕಪ್ಪು ಚುಕ್ಕೆಗಳಿದ್ದ ಅಳತೆಪಟ್ಟಿಯನ್ನು ಅವನ ಕೆನ್ನೆಯ ಹತ್ತಿರ ಹಿಡಿದಳು. “ಪಾಪೆ ಮೂರೂವರೆ ಮಿಲಿಮೀಟರ್. ಆಗಿನಿಂದ ನೋಡ್ತಿದ್ದೀನಿ, ಒಂದಿಷ್ಟೂ ಆಚೀಚೆ ಆಗಿಲ್ಲ. ಇಂಥ ಕಣ್ಣು ಸಿಕ್ಕಿದ್ರೆ ನನ್ನ ಕೆಲಸ ಸಲೀಸು.”

ತನ್ನ ಕಣ್ಣಿಗೆ ಅಂಥ ಹೊಗಳಿಕೆ ಯಾವತ್ತಾದರೂ ಸಿಕ್ಕಿತ್ತೇ ಎಂದು ಪಾಲಿಶ್ ಯೋಚಿಸಿದ. ಎರಡು ವರ್ಷದಲ್ಲಿ ಅವಳು ಅವನ ಕಣ್ಣನ್ನು ನೋಡಿದ್ದೇ “ಅಂಟಿನ ಡಬ್ಬ ಎಲ್ಲಿ?” ಎಂದು ಕೇಳುವಷ್ಟು ಹೊತ್ತು.

“ಒಂದು ಮಾತು ಕೇಳ್ಲಾ?” ಎಂದ ಅನಿಮೇಷನ್ನಿನವನು. “ಇಲ್ಲಿ ನಿಮಗೆ ಎಷ್ಟು ಕೊಡ್ತಾರೆ?”

ಗಂಟೆ ಎಷ್ಟು ಎಂದು ಕೇಳಿದವರಿಗೆ ಹೇಳುವಂತೆ ಅವಳು ಹೇಳಿದಳು. ಅವನ ಮುಖದಿಂದ ನಗು ಇಳಿದು ಹೋಯಿತು.

“ತಮಾಷೆ ಮಾಡ್ತಿದ್ದೀರಾ? ನಮ್ಮಲ್ಲಿ ಹಿನ್ನೆಲೆಗೆ ಬಣ್ಣ ತುಂಬೋರಿಗೇ ಇದರ ಮೂರರಷ್ಟು ಕೊಡ್ತೀವಿ. ನೀವು ಬಂದ್ರೆ ಪಾತ್ರಗಳ ಕಣ್ಣೆಲ್ಲ ನಿಮಗೇ.”

“ಇದನ್ನ ನಮ್ಮಕ್ಕನಿಗೆ ಹೇಳಿ. ಫೈನ್ ಆರ್ಟ್ಸ್‌ಗೆ ಕಟ್ಟಿದ ಫೀಸಿನ ದುಡ್ಡಲ್ಲಿ ನರ್ಸಿಂಗ್ ಓದಿದ್ರೆ ಇಷ್ಟೊತ್ತಿಗೆ ಎಲ್ಲೋ ಇರ್ತಿದ್ದೆ ಅಂತ ತಿಂಗಳಿಗೊಮ್ಮೆ ಫೋನ್ ಮಾಡ್ತಾಳೆ.”

“ನಂಬರ್ ಕೊಡಿ, ನಾನೇ ಹೇಳ್ತೀನಿ. ಹಾಗೇ ನಿಮ್ಮದೂ ಕೊಡಿ.”

ಅವಳು ನಕ್ಕಳು. ಕುಂಚವನ್ನು ಹಲ್ಲಲ್ಲಿ ಕಚ್ಚಿಕೊಂಡು, ತಲೆ ಒಂದು ಕಡೆ ವಾಲಿಸಿ ನಗುವ ನಗು. ಅದು ತನ್ನೊಬ್ಬನಿಗೇ ಗೊತ್ತು ಎಂದು ಪಾಲಿಶ್ ಅಂದುಕೊಂಡಿದ್ದ.

ಮರುದಿನ ಆ ಕಣ್ಣು ಹೊಳಪಿಗೆಂದು ಅವನ ಕೈಗೆ ಬಂತು. ಅದು ಎಷ್ಟು ಚೆಂದವಿತ್ತೆಂದರೆ, ಅಂಗೈಯಲ್ಲಿ ಕೂತು ಅವನನ್ನೇ ನೋಡಿ ನಗುತ್ತಿತ್ತು. ತಿರುಗುವ ಚಕ್ರಕ್ಕೆ ಅವನು ಅದನ್ನು ಒತ್ತಿದ. ಕೈಗೆ ಕೋಪವಿದೆಯೆಂದು ಅವನಿಗೆ ತಿಳಿಯುವಷ್ಟರಲ್ಲಿ ಮೇಲಿನ ಪಾರದರ್ಶಕ ಪದರ ಸವೆದು, ಬಣ್ಣದ ವೃತ್ತದ ಅಂಚು ಉಗುರಿನ ತುದಿಯಷ್ಟು ತಿಂದು ಹೋಗಿತ್ತು.

ಬಣ್ಣ ಹೋದ ಮೇಲೆ ತೇಪೆ ಹಾಕಲಾಗದು. ಮತ್ತೆ ಹೊಸ ಬಿಲ್ಲೆ. ಮತ್ತೆ ಎದುರುಬದುರು ಕುರ್ಚಿ. ಮತ್ತೆ ಎರಡು ಗಂಟೆ. ಇದು ಹೊಳೆದಾಗ ಅವನಿಗೆ ತನ್ನ ತಲೆಯನ್ನೇ ಚಕ್ರಕ್ಕೆ ಕೊಡೋಣವೆನ್ನಿಸಿತು.

ಅವಳು ಆ ಕಣ್ಣನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು. “ಇದು ಯಂತ್ರದ ತಪ್ಪಲ್ಲ.”

“ಅಲ್ಲ.”

“ನಿಮ್ಮ ಕೈಯಿಂದ ಯಾವ ಕಣ್ಣಿನ ಮೇಲೂ ಒಂದು ಗೀರು ಬಿದ್ದದ್ದೂ ನಾನು ನೋಡಿಲ್ಲ.” ಅವಳ ದನಿ ತಗ್ಗಿತು. “ಡಿಗ್ರಿಯವಳು ಮಾಡಿದ್ದು ತಾನೇ ಅಂತ ತಾತ್ಸಾರವಾ? ಮೇಡಂ ಥರ ನಿಮಗೂ ಇದು ಬರೀ ಬಣ್ಣ ಬಳಿಯೋ ಕೆಲಸವಾ?”

“ಹೊಟ್ಟೆಕಿಚ್ಚು,” ಎಂದ ಅವನು. ಮಾತು ಬಾಯಿಂದ ಬಿದ್ದೇ ಹೋಗಿತ್ತು.

“ಯಾರ ಮೇಲೆ? ಆತನ ಮೇಲಾ?”

“ಆ ಕುರ್ಚಿಯಲ್ಲಿ ಕೂರೋ ಎಲ್ಲರ ಮೇಲೂ. ಹೋದ ತಿಂಗಳು ಬಂದಿದ್ದರಲ್ಲ, ಎಂಬತ್ತು ದಾಟಿದ ಅಜ್ಜ, ಅವರ ಮೇಲೂ.”

ಅವಳಿಗೆ ನಗು ಬಂತು. ತಡೆದುಕೊಂಡಳು. ಕಿವಿಯ ತುದಿ ಮಾತ್ರ ಕೆಂಪಾಯಿತು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಎರಡು ವರ್ಷದಿಂದ ಗಂಟಲಲ್ಲಿ ಕೂತಿದ್ದ ಇನ್ನೊಂದು ಮಾತು ಇದರ ಬೆನ್ನಿಗೇ ಹೊರಬಂತು.

“ಇನ್ನೊಂದಿದೆ. ನೀವು ಸೇರಿದ ತಿಂಗಳೇ ಸಂಬಳದ ಪಟ್ಟಿ ನೋಡಿದ್ದೆ. ಒಂದು ವರ್ಷದ ಸರ್ಟಿಫಿಕೇಟ್ ಇರೋ ನಾನು ಟೆಕ್ನಿಷಿಯನ್. ನೀವು ಹೆಲ್ಪರ್. ಸಂಬಳ ನನ್ನದರ ಅರ್ಧ.”

“ಗೊತ್ತಾಗಿಯೂ ಸುಮ್ಮನಿದ್ರಿ.”

“ಸುಮ್ಮನಿದ್ದೆ. ನಿಮ್ಮ ಕಣ್ಣಿಗೆ ಕಾಣೋದರಲ್ಲಿ ಕಾಲು ಭಾಗವೂ ನನಗೆ ಕಾಣಲ್ಲ. ಒಂದು ಕಡೆಯಾದರೂ ನಾನು ಮೇಲಿದ್ದೀನಲ್ಲ ಅಂತ ಸಮಾಧಾನ ಆಗ್ತಿತ್ತು.”

ಅವಳು ಕೆಟ್ಟ ಕಣ್ಣನ್ನು ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟಳು.

“ಇದು ಕೆಟ್ಟಿದ್ದಕ್ಕೆ ಬೇಜಾರಿಲ್ಲ. ಇನ್ನೊಂದು ಮಾಡಬಹುದು,” ಎಂದಳು. “ಆ ಎರಡು ವರ್ಷವನ್ನ ವಾಪಸ್ ಕೊಡೋಕಾಗಲ್ಲ.”

ಅವತ್ತಿನಿಂದ ಅವಳು ಅಂಟಿನ ಡಬ್ಬವನ್ನೂ ಅವನಲ್ಲಿ ಕೇಳಲಿಲ್ಲ. ತಾನೇ ತೆಗೆದುಕೊಂಡಳು.

ಮೂರನೆಯ ದಿನ ಅವನು ಮೇಡಂ ಮೇಜಿನ ಮುಂದೆ ಹೋಗಿ ನಿಂತ. ಕಣ್ಣು ಕೆಡಿಸಿದ್ದು ತಾನೆಂದು ಮೊದಲು ಹೇಳಿದ. ಆಮೇಲೆ ಕೇಳಿದ, “ಮೇಡಂ, ಮುಂಚೆ ನಾವು ಪ್ರಿಂಟ್ ಹೊಡೆದ ರೆಡಿಮೇಡ್ ಬಿಲ್ಲೆ ಕೂರಿಸ್ತಿದ್ವಿ. ಕನ್ನಡಿ ನೋಡಿದ್ರೆ ಬೇರೆ ಯಾರೋ ನೋಡಿದ ಹಾಗಾಗುತ್ತೆ ಅಂತ ಎಷ್ಟು ಜನ ವಾಪಸ್ ತರ್ತಿದ್ರು. ಡಿಗ್ರಿ ಅವರು ಬಂದ ಮೇಲೆ ಎಷ್ಟು ವಾಪಸ್ ಬಂದಿದೆ?”

ಮೇಡಂ ಕನ್ನಡಕ ತೆಗೆದರು. “ಒಂದೂ ಇಲ್ಲ. ಅದಕ್ಕೆ?”

“ಅವರನ್ನೂ ಟೆಕ್ನಿಷಿಯನ್ ಅಂತ ಬರೀರಿ. ಇಲ್ಲ ನನ್ನನ್ನೂ ಹೆಲ್ಪರ್ ಮಾಡಿ. ಇಬ್ಬರೂ ಒಂದೇ ಸಾಲಲ್ಲಿರಬೇಕು.”

“ಏನಯ್ಯ ಪಾಲಿಶ್, ಇದು ಸಂಬಳದ ಮಾತೋ, ಮದುವೆ ಮಾತೋ?”

ಅವನು ನೆಲ ನೋಡಿದ. ಬಾಗಿಲ ಹೊರಗೆ ಏನೋ ಸದ್ದಾಯಿತು. ಬಣ್ಣದ ಬಾಟಲಿಗಳ ತಟ್ಟೆ ಹಿಡಿದು ಅವಳು ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ.

ಮೇಡಂ ಒಪ್ಪಿದರು. ಮುಂದಿನ ತಿಂಗಳಿನಿಂದ ಎಂದರು. ಆದರೆ ಅನಿಮೇಷನ್ನಿನವನು ಎರಡನೆಯ ಸಲ ಬಂದು ಕೂತಾಗ, ಹೊಸ ಕಣ್ಣು ಮುಗಿಯುವ ಹೊತ್ತಿಗೆ ಅವಳು ಅವನಿಗೆ, “ನೀವು ಹೇಳಿದ ಕೆಲಸಕ್ಕೆ ಬರ್ತೀನಿ,” ಎಂದಳು. ಗಾಜಿನ ಈಚೆ ಯಂತ್ರ ನಿಂತಿತು. ಈ ಸಲ ಆ ಕಣ್ಣಿಗೆ ಪಾಲಿಶ್ ಅರ್ಧ ದಿನ ಕೂತು ಹೊಳಪು ಕೊಟ್ಟ. ಅಷ್ಟು ಚೆಂದದ ಕೆಲಸ ಅವನ ಕೈಯಿಂದ ಎಂದೂ ಬಂದಿರಲಿಲ್ಲ.

ಅಲ್ಲಿ ಅವಳ ಕೆಲಸದ ಕೊನೆಯ ದಿನ ಮಧ್ಯಾಹ್ನ ಮೇಡಂ ಊಟಕ್ಕೆ ಹೋಗಿದ್ದರು. ಅವಳು ಕುರ್ಚಿ ತೋರಿಸಿದಳು. “ಕೂತ್ಕೊಳ್ಳಿ.”

“ನನಗೆ ಎರಡೂ ಕಣ್ಣಿವೆ.”

“ಇದ್ದರೂ ಪ್ರಯೋಜನ ಅಷ್ಟಕ್ಕಷ್ಟೇ. ಕೂತ್ಕೊಳ್ಳಿ ಅಂದೆ.”

ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಅವಳೂ ಕೂತಳು. ಬಿಲ್ಲೆಗೆ ಮೊದಲ ಕಂದು ಹಚ್ಚಿದಳು. ಕಿಟಕಿಯ ಬೆಳಕು ಅವಳ ಎಡಗೆನ್ನೆಯ ಮೇಲಿತ್ತು. ಅವಳ ಕಣ್ಣಿನ ಅಂಚಿನಲ್ಲಿ ಬೂದಿಬಣ್ಣದ ಒಂದು ಗೆರೆ ಇದೆಯೆಂದು ಅವನಿಗೆ ಇವತ್ತು ಗೊತ್ತಾಯಿತು.

“ಅಕ್ಕನಿಗೆ ಹೊಸ ಸಂಬಳ ಹೇಳಿದೆ,” ಎಂದಳು. “ಯಾರು ಕೊಡಿಸಿದ್ದು ಅಂದ್ಲು. ನನ್ನ ಡಿಗ್ರಿ ಅಂದೆ. ನಂಬಲಿಲ್ಲ.”

“ಆತ ಕೂರೋದೂ ಅದೇ ಆಫೀಸಲ್ಲಾ?”

“ಆತ ಎರಡನೇ ಮಹಡಿ, ನಾನು ಐದನೇದು. ಲಿಫ್ಟ್ ಇದೆ.” ಕುಂಚ ಹಲ್ಲಿಗೆ ಹೋಯಿತು, ತಲೆ ಒಂದು ಕಡೆ ವಾಲಿತು. “ನನ್ನ ಸಂಬಳ ಈಗ ನಿನ್ನದಕ್ಕಿಂತ ಜಾಸ್ತಿ. ಹೊಟ್ಟೆಕಿಚ್ಚಾಗ್ತಿದೆಯಾ?”

‘ನೀವು’ ಹೋಗಿ ‘ನೀನು’ ಬಂದದ್ದು ಅವನಿಗೆ ತಡವಾಗಿ ಕೇಳಿಸಿತು.

“ಲಿಫ್ಟಿನ ಮೇಲೆ ಮಾತ್ರ,” ಎಂದ.

ಅವಳು ಅಳತೆಪಟ್ಟಿ ಅವನ ಕೆನ್ನೆಯ ಹತ್ತಿರ ಹಿಡಿದಳು. ನೋಡಿದಳು. ಪಟ್ಟಿ ಇಳಿಸಿ, ಮತ್ತೆ ಹಿಡಿದಳು.

“ಏನಾಯ್ತು?”

“ನಾಲ್ಕು. ಅಲ್ಲ, ಐದು. ನಿನ್ನ ಪಾಪೆ ನಿಲ್ತಾನೇ ಇಲ್ಲ.”

“ಆತನದು ಎರಡು ಗಂಟೆ ಅಲ್ಲಾಡದೆ ನಿಂತಿತ್ತಲ್ಲ. ನೀನೇ ಹೊಗಳಿದ್ದೆ.”

“ದಡ್ಡ,” ಎಂದಳು ಅವಳು ಮೆಲ್ಲಗೆ. “ಇಷ್ಟವಾದದ್ದನ್ನ ನೋಡಿದ್ರೆ ಪಾಪೆ ಹಿಗ್ಗುತ್ತೆ. ಎರಡು ವರ್ಷದಿಂದ ಅಂಟಿನ ಡಬ್ಬ ಎಲ್ಲಿ ಅಂತ ನಾನು ಸುಮ್ಮನೆ ಕೇಳ್ತಿದ್ದೆ ಅಂದ್ಕೊಂಡ್ಯಾ? ಡಬ್ಬ ಯಾವಾಗಲೂ ನನ್ನ ಮೇಜಿನ ಮೇಲೇ ಇರ್ತಿತ್ತು.”

ಅವನು ರೆಪ್ಪೆ ಬಡಿಯುವುದನ್ನೂ ಮರೆತು ಕೂತ. ಅವಳು ಕುಂಚಕ್ಕೆ ಕಪ್ಪು ತೆಗೆದುಕೊಂಡು, ಬಿಲ್ಲೆಯ ನಡುವೆ ಪಾಪೆಯನ್ನು ಅಳತೆಗಿಂತ ದೊಡ್ಡದಾಗಿ ಇಟ್ಟಳು.